ಏರಿಯ ಹಿಂದೆ ಬರುವ ನೀರು ತಿಳಿಯೋ, ಕೆಸರೋ?

ಕಡೂರು, ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ಕೆರೆ ತುಂಬಿತೆಂದರೆ ಊರಿಗೆ ಊರೇ ಏರಿಯ ಮೇಲೆ ನಿಂತು ನೀರು ನೋಡುತ್ತದೆ. ಏರಿ ತಡೆಯುತ್ತದೆಯೇ ಎಂದು ತಿಳಿಯಬೇಕಾದವರು ನೀರಿಗೆ ಬೆನ್ನು ಹಾಕಿ ಗದ್ದೆಯ ಕಡೆ ಇಳಿಯಬೇಕು. ಉತ್ತರ ಇರುವುದು ಏರಿಯ ಹಿಂಬದಿಯ ಬುಡದಲ್ಲಿ.

ಏರಿ ಎತ್ತರವಾಗಿದ್ದರೆ ಭದ್ರ ಎಂಬ ನಂಬಿಕೆ ಬಲವಾಗಿ ಬೇರೂರಿದೆ. ನೀರು ಮೇಲೆ ಹತ್ತಿ ಹರಿದು ಒಡೆಯುವ ಏರಿಗಳಿವೆ, ನಿಜ. ಆದರೆ ನೀರು ಮೇಲಿನಿಂದ ಇನ್ನೂ ನಾಲ್ಕಡಿ ಕೆಳಗಿರುವಾಗಲೇ ಒಳಗಿನಿಂದ ಟೊಳ್ಳಾಗಿ ಕುಸಿಯುವ ಏರಿಗಳೂ ಅಷ್ಟೇ ಇವೆ. ಮಣ್ಣಿನ ಏರಿ ಎಂದರೆ ಗೋಡೆಯಲ್ಲ, ಅದೊಂದು ಶೋಧಕ. ಯಾವ ಏರಿಯಲ್ಲೂ ನೀರು ಜಿನುಗುತ್ತದೆ, ಜಿನುಗಿದರೆ ತಪ್ಪಿಲ್ಲ. ಕಾಫಿ ಫಿಲ್ಟರನ್ನು ನೆನೆದುಕೊಳ್ಳಿ. ಡಿಕಾಕ್ಷನ್ ತೊಟ್ಟಿಕ್ಕಬೇಕು, ಪುಡಿ ಮೇಲೆಯೇ ಉಳಿಯಬೇಕು. ಕೆಳಗಿನ ಬಟ್ಟಲಲ್ಲಿ ಚರಟ ಕಂಡರೆ ಫಿಲ್ಟರಿನ ತೂತು ದೊಡ್ಡದಾಗಿದೆ ಎಂದರ್ಥ. ಏರಿಯ ಬುಡದಲ್ಲೂ ಹಾಗೆಯೇ: ತಿಳಿನೀರು ಜಿನುಗಿದರೆ ಗಮನವಿಡಿ, ಕೆಸರುನೀರು ಬಂದರೆ ಏರಿಯೇ ಕರಗಿ ಹೊರಬರುತ್ತಿದೆ.

ಈ ಕೊರೆತ ಕೆರೆಯ ಕಡೆಯಿಂದ ಶುರುವಾಗುವುದಿಲ್ಲ. ನೀರು ಹೊರಬೀಳುವ ಬಾಯಲ್ಲಿ ಶುರುವಾಗಿ ಹಿಂದು ಹಿಂದಕ್ಕೆ, ಕೆರೆಯತ್ತ ತಿನ್ನುತ್ತಾ ಹೋಗುತ್ತದೆ. ರಾಗಿ ಚೀಲದ ಮೂಲೆಯಲ್ಲಿ ಸಣ್ಣ ತೂತಾದರೆ ಮೊದಲು ಬೀಳುವುದು ತೂತಿನ ಪಕ್ಕದ ಕಾಳು, ಆಮೇಲೆ ಅದರ ಹಿಂದಿನದು. ಅಪಾಯ ಬೆಳೆಯುವ ವೇಗವನ್ನು ಲೆಕ್ಕದಲ್ಲೇ ನೋಡಬಹುದು. ಕೆರೆಯಲ್ಲಿ 3 ಮೀಟರ್ ನೀರಿದೆ, ಏರಿಯೊಳಗೆ ಅದು ಸಾಗುವ ದಾರಿ 15 ಮೀಟರ್ ಎನ್ನಿ. ಒತ್ತಡದ ಇಳಿಜಾರು ಐದಕ್ಕೆ ಒಂದು, ಅಂದರೆ ಐದು ಮೀಟರ್ ದಾರಿಗೆ ಒಂದು ಮೀಟರ್ ನೀರಿನ ಒತ್ತಡ. ಕೊರೆತ 10 ಮೀಟರ್ ಒಳಗೆ ಹೋದಾಗ ಉಳಿದ ದಾರಿ 5 ಮೀಟರ್, ಒತ್ತಡ ಮಾತ್ರ ಅದೇ 3 ಮೀಟರ್. ಇಳಿಜಾರು ಮೂರು ಪಟ್ಟಾಯಿತು. ವಾರಗಟ್ಟಲೆ ಸುಮ್ಮನಿದ್ದ ಒರತೆ ಒಂದೇ ದಿನದಲ್ಲಿ ಏರಿಯನ್ನು ಒಡೆಯುವುದು ಇದರಿಂದ. ಅಮೆರಿಕದ ಐಡಾಹೋ ರಾಜ್ಯದ ಟೀಟನ್ ಅಣೆಕಟ್ಟು ಹೊಸದು, ಸುಮಾರು 93 ಮೀಟರ್ ಎತ್ತರದ್ದು. 1976ರ ಜೂನ್ 5ರ ಬೆಳಗ್ಗೆ ಅಲ್ಲಿ ಕೆಸರುನೀರು ಕಂಡಿತು, ಮಧ್ಯಾಹ್ನ 12ರೊಳಗೆ ಅಣೆಕಟ್ಟು ಒಡೆದಿತ್ತು. ನಮ್ಮ ಹಿಂದಿನವರಿಗೆ ಈ ರೋಗ ಹೊಸದಲ್ಲ. ಈಗಿನ ಆಂಧ್ರದಲ್ಲಿರುವ, ವಿಜಯನಗರ ಕಾಲದ ಪೋರುಮಾಮಿಳ್ಳ ಕೆರೆಯ 1369ರ ಶಾಸನ ಕೆರೆಯ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಹೇಳುತ್ತದೆ. ಏರಿ ಜಿನುಗುವುದು ಆ ಆರರಲ್ಲಿ ಒಂದು.

ಬುಗ್ಗೆಯಂತೆ ಕೆಸರುನೀರು ಎದ್ದರೆ ಜನ ಮೊದಲು ಮಾಡುವ ಕೆಲಸ ಬಾಯಿಗೆ ಜೇಡಿಮಣ್ಣು ಜಡಿಯುವುದು. ದಯವಿಟ್ಟು ಬೇಡ. ಒತ್ತಡ ಒಳಗೇ ಉಳಿದು ಪಕ್ಕದಲ್ಲಿ ಬಾಯಿ ತೆರೆಯುತ್ತದೆ. ಬುಗ್ಗೆಯ ಸುತ್ತ ಮರಳು ಚೀಲಗಳನ್ನು ಬಾವಿಯ ಕಟ್ಟೆಯಂತೆ ಪೇರಿಸಿ, ಒಳಗೆ ನೀರು ಏರಲು ಬಿಡಿ. ಕೆರೆಯ ನೀರಿಗೂ ಕಟ್ಟೆಯೊಳಗಿನ ನೀರಿಗೂ ಎತ್ತರದ ಅಂತರ ಕಡಿಮೆಯಾದಂತೆ ಹರಿವು ನಿಧಾನವಾಗಿ ನೀರು ತಿಳಿಯಾಗುತ್ತದೆ. ಅಲ್ಲಿಗೆ ನಿಲ್ಲಿಸಿ, ಮೇಲಿನಿಂದ ಹರಿದುಹೋಗಲು ಒಂದು ಕಡೆ ದಾರಿ ಕೊಡಿ. ಜಾಗ ಅಗಲವಾಗಿ ಒಸರುತ್ತಿದ್ದರೆ ಮೊದಲು ದಪ್ಪ ಮರಳು, ಮೇಲೆ ಜಲ್ಲಿ, ಅದರ ಮೇಲೆ ಸೈಜುಗಲ್ಲು. ನೀರು ಹೋಗಬೇಕು, ಮಣ್ಣು ನಿಲ್ಲಬೇಕು.

ಗದ್ದೆಗೆ ನೀರು ಬಿಡುವ ತೂಬಿನ ಪಕ್ಕವನ್ನು ವಿಶೇಷವಾಗಿ ನೋಡಿ. ಕಲ್ಲಿಗೂ ಮಣ್ಣಿಗೂ ಸಂದು ಬೀಳುವುದು ಅಲ್ಲೇ. ಮೂರ್ನಾಲ್ಕು ವರ್ಷ ಒಣಗಿದ್ದ ಕೆರೆ ಮೊದಲ ಸಲ ತುಂಬುವಾಗ ರಾತ್ರಿಯೂ ಕಾವಲಿರಲಿ, ಬಿಸಿಲಿಗೆ ಬಿರಿದ ಏರಿಗೆ ಅದು ಮೊದಲ ಪರೀಕ್ಷೆ.

ಹುತ್ತದ ವಿಷಯ ನನಗೆ ಹೆಚ್ಚು ಚಿಂತೆಯದು. ಏರಿಯ ಮೇಲಿನ ಹುತ್ತ ಮುಟ್ಟಿದರೆ ನಾಗದೋಷ ಎಂದು ಎಷ್ಟೋ ಊರುಗಳಲ್ಲಿ ಗುದ್ದಲಿ ಕೆಳಗಿಡುತ್ತಾರೆ. ಹುತ್ತ ಕಟ್ಟುವುದು ಗೆದ್ದಲು, ಹಾವು ಆಮೇಲೆ ಬಂದು ಸೇರುತ್ತದೆ. ಮೇಲೆ ಕಾಣುವುದಕ್ಕಿಂತ ಒಳಗಿನ ಸುರಂಗಗಳು ಆಳ, ನೀರಿಗೆ ಸಿದ್ಧವಾಗಿರುವ ಕೊಳವೆಗಳು. ಹೆಗ್ಗಣದ ಬಿಲ, ಏಡಿ ತೂತು, ಸತ್ತ ಮರದ ಕೊಳೆತ ಬೇರು ಮಾಡುವುದೂ ಇದನ್ನೇ. ಬೇಸಿಗೆಯಲ್ಲಿ ಸುರಂಗದ ಜಾಡು ಹಿಡಿದು ಅಗೆದು, ಅಂಟು ಮಣ್ಣನ್ನು ಹದವಾಗಿ ನೆನೆಸಿ ಅರ್ಧ ಅಡಿಯ ಪದರಗಳಲ್ಲಿ ದಿಮ್ಮಿಸಬೇಕು. ಪೂಜೆಗೆ ಅರಳಿಕಟ್ಟೆಯ ನಾಗರಕಲ್ಲು ಇದೆ. ಏರಿಗೆ ಬೇಕಾದ್ದು ಗರಿಕೆ, ಮರವಲ್ಲ.

ಇನ್ನು ಎತ್ತರ. ಗಾರೆ ಮೇಸ್ತ್ರಿ ಮಟ್ಟ ನೋಡುವ, ನೀರು ತುಂಬಿದ ಟ್ಯೂಬು ಸಾಕು. ತುಂಬಿದ ಕೆರೆಯ ಹೆಚ್ಚುವರಿ ನೀರು ಹೊರಹೋಗುವ ಕೋಡಿಯ ಮಟ್ಟದಿಂದ ಏರಿಯ ತಲೆ ಎಷ್ಟು ಮೇಲಿದೆ ಎಂದು ಇಪ್ಪತ್ತು ಹೆಜ್ಜೆಗೊಮ್ಮೆ ಅಳೆಯಿರಿ. ಸರಾಸರಿ ಬೇಡ, ಟ್ರ್ಯಾಕ್ಟರ್ ಹತ್ತಿ ತಗ್ಗಾದ ಒಂದು ಜಾಗವೇ ಇಡೀ ಏರಿಯ ಎತ್ತರ. ಆ ಅಂತರ 1 ಮೀಟರ್, ಕೋಡಿಯ ಉದ್ದ 20 ಮೀಟರ್ ಇದ್ದರೆ ಕೋಡಿ ಸೆಕೆಂಡಿಗೆ ಹೆಚ್ಚೆಂದರೆ ಸುಮಾರು 34 ಘನ ಮೀಟರ್ ನೀರು ಬಿಡುತ್ತದೆ. ಸೂತ್ರ ಸರಳ: ಉದ್ದವನ್ನು 1.7ರಿಂದ ಗುಣಿಸಿ, ಆಮೇಲೆ ಆ ಅಂತರದಿಂದಲೂ ಅದರ ವರ್ಗಮೂಲದಿಂದಲೂ ಗುಣಿಸಿ. ಹೆಚ್ಚು ನೀರು ನಿಲ್ಲಲಿ ಎಂದು ಕೋಡಿಗೆ ಚೀಲವಿಟ್ಟು 30 ಸೆಂಟಿಮೀಟರ್ ಏರಿಸಿದರೆ ಅಂತರ 70 ಸೆಂಟಿಮೀಟರಿಗೆ ಇಳಿದು ಅದೇ ಕೋಡಿ ಬಿಡುವುದು ಸುಮಾರು 20 ಮಾತ್ರ. ಈಗ ಬರುವ ನೀರು: 5 ಚದರ ಕಿಲೋಮೀಟರ್ ಜಲಾನಯನದಲ್ಲಿ ಗಂಟೆಗೆ 50 ಮಿಲಿಮೀಟರ್ ಮಳೆ ಬಿದ್ದು, ನೂರರಲ್ಲಿ ನಲವತ್ತು ಪಾಲು ಹರಿದುಬಂದರೆ ಸೆಕೆಂಡಿಗೆ 28 ಘನ ಮೀಟರ್. ಚೀಲವಿಲ್ಲದ ಕೋಡಿಗೆ ಅದು ಸಲೀಸು. ಚೀಲವಿಟ್ಟರೆ ತುಂಬಿದ ಕೆರೆಯ ನೀರು ಏರಿಯ ಆ ತಗ್ಗನ್ನು ಹತ್ತುತ್ತದೆ. ಮಳೆಗೆ ಮೊದಲು ಆ ಚೀಲ ತೆಗೆಸುವ ಮಾತನ್ನು ಕೆರೆಯ ನೀರು ಬಿಡುವ ನೀರುಗಂಟಿಯೊಬ್ಬನ ತಲೆಗೆ ಕಟ್ಟದೆ ಊರೇ ಕೂತು ತೀರ್ಮಾನಿಸಬೇಕು.

ನಮ್ಮ ಬಯಲು ಸೀಮೆಯ ಕೆರೆಗಳು ಸರಣಿಯಲ್ಲಿವೆ, ಒಂದರ ಕೋಡಿ ಇನ್ನೊಂದಕ್ಕೆ ನೀರು. ಮೇಲಿನದು ಒಡೆದರೆ 28ರ ಲೆಕ್ಕಕ್ಕೆ ಅರ್ಥವೇ ಉಳಿಯುವುದಿಲ್ಲ. ಹಾಗಾಗಿ ಸ್ವಂತ ಊರಿನ ಏರಿ ನೋಡಿದ ಮೇಲೆ ಮೇಲೂರಿನ ಏರಿಯ ಹಿಂಬದಿಗೂ ಇಳಿದು ಬರಬೇಕು.