ಬಿದ್ದ ಗೋಡೆಗೆ ದುಡ್ಡಿದೆ, ಬೀಳುವ ಗೋಡೆಗಿಲ್ಲ

ಜುಲೈ ಬಂತೆಂದರೆ ನನ್ನ ಫೋನಿಗೆ ಒಂದೇ ಪ್ರಶ್ನೆ. "ಸರ್, ಮನಿ ರಿಪೇರಿಗೆ ಸರ್ಕಾರದಿಂದ ಏನರ ಸಿಗ್ತೈತೇನ್ರಿ?" ನಾನು ಹುಬ್ಬಳ್ಳಿಯಲ್ಲಿ ಮನೆಗಳ ಎಸ್ಟಿಮೇಟ್ ಮಾಡುವ ಸಿವಿಲ್ ಎಂಜಿನಿಯರ್. ಹಣ ಮಂಜೂರು ಮಾಡುವುದು ನನ್ನ ಕೈಯಲ್ಲಿಲ್ಲ. ಆದರೆ ಬಿರುಕು ನೋಡಲು ಮೊದಲು ಕರೆಯುವುದು ನನ್ನನ್ನೇ, ಹಾಗಾಗಿ ಈ ಪ್ರಶ್ನೆಯೂ ನನಗೇ ಬರುತ್ತದೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮನೆ ಇಲ್ಲದವರಿಗೆ ಹೊಸ ಮನೆ ಕಟ್ಟಲು ಯೋಜನೆಗಳಿವೆ. ಮಳೆಗೆ ಮನೆ ಬಿದ್ದವರಿಗೆ ಪರಿಹಾರ ಇದೆ. ವಾಲಿ ನಿಂತ ಗೋಡೆಯನ್ನು ಬೀಳುವ ಮೊದಲೇ ಗಟ್ಟಿ ಮಾಡಿಕೊಳ್ಳಲು ದುಡ್ಡು ಕೊಡುವುದು ಮಾತ್ರ ಬಹಳ ಅಪರೂಪ. ಇದು ನನಗೂ ತಲೆಕೆಳಗಾಗಿ ಕಾಣುತ್ತದೆ. ಆದರೆ ಇರುವುದು ಹೀಗೆ.

ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಹಳ್ಳಿಯವರಿಗೆ ನಮ್ಮಂಥ ಬಯಲು ಸೀಮೆಯಲ್ಲಿ 1.20 ಲಕ್ಷ ರೂಪಾಯಿ ಕೇಂದ್ರದ ದರ. ಅದು ಹೊಸ ಮನೆಗೆ. "ಅದನ್ನ ತಗೊಂಡು ಹಳೇ ಮಾಳಿಗಿಗೆ ಹಾಕ್ಕೋಬೌದಲ್ರಿ?" ಎಂದು ಕೇಳುವವರಿದ್ದಾರೆ. ಮಾಳಿಗಿ ಅಂದರೆ ನಮ್ಮ ಕಡೆಯ ಮಣ್ಣಿನ ಚಾವಣಿಯ ಮನೆ. ಆಗುವುದಿಲ್ಲ. ಕಂತು ಕಂತಾಗಿ ಕೊಡುತ್ತಾರೆ, ಕಂತಿಗೊಮ್ಮೆ ಜಿಪಿಎಸ್ ಫೋಟೋ ತೆಗೆಯುತ್ತಾರೆ. ಪೇಟೆಯವರ ಆವಾಸ್ ಯೋಜನೆ 2015ರಲ್ಲಿ ಶುರುವಾದಾಗ ಹಳೆ ಮನೆಗೆ ಕನಿಷ್ಠ 9 ಚದರ ಮೀಟರ್ ಸೇರಿಸಿ ಕಟ್ಟಲು ಅವಕಾಶವಿತ್ತು. ಅದೂ ಒಂದು ಕೋಣೆ ಹೆಚ್ಚು ಮಾಡಿಕೊಳ್ಳಲು, ಸೋರುವ ಕೋಣೆ ಸರಿ ಮಾಡಲು ಅಲ್ಲ. ಶೌಚಾಲಯಕ್ಕೆ 12,000 ಇದೆ. ಮೂರು ಕಿಲೋವ್ಯಾಟ್ ಸೋಲಾರ್ ಹಾಕಿಸಿದರೆ 78,000 ಸಬ್ಸಿಡಿ ಇದೆ. ಕುಸಿಯುತ್ತಿರುವ ಮಾಳಿಗೆ ಮೇಲೆ ಆ ಪ್ಯಾನೆಲ್ ಎಲ್ಲಿ ಕೂರಿಸುತ್ತೀರಿ, ಅದು ಬೇರೆ ಮಾತು.

ಇನ್ನು ಉಳಿಯುವುದು ವಿಪತ್ತು ಪರಿಹಾರ. ನಿಜವಾಗಿ ಜನರ ಕೈಗೆ ಬರುವ ದುಡ್ಡು ಇದೇ. ಇದನ್ನು ಕಳೆದುಕೊಳ್ಳುವವರೂ ಬಹಳ ಜನ. ಹೇಗೆ ಕಳೆದುಕೊಳ್ಳುತ್ತಾರೆ ಎನ್ನುವುದಕ್ಕೆ ಒಂದು ಮನೆಯ ಕತೆ ಹೇಳುತ್ತೇನೆ.

ನವಲಗುಂದ ತಾಲ್ಲೂಕಿನ ಒಂದು ಹಳ್ಳಿ, ಬೆಣ್ಣೆಹಳ್ಳಕ್ಕೆ ಹತ್ತಿರ. ಮಣ್ಣಿನ ಗೋಡೆಯ ಮಾಳಿಗೆ ಮನೆ. ನಾಗರ ಪಂಚಮಿಗೆ ಎರಡು ದಿನ ಇರುವಾಗ ರಾತ್ರಿ ಬಚ್ಚಲ ಕಡೆಯ ಗೋಡೆ ಕುಸಿಯಿತು. ದೇವರು ದೊಡ್ಡವನು, ಯಾರಿಗೂ ಏನೂ ಆಗಲಿಲ್ಲ. ಹಬ್ಬಕ್ಕೆ ಹೆಣ್ಣುಮಕ್ಕಳು ತವರಿಗೆ ಬರುವವರು. ಉಂಡಿ ಕಟ್ಟಬೇಕು, ಜೋಕಾಲಿ ಹಾಕಬೇಕು. ಬಾಯಿ ತೆರೆದ ಮನೆಯಲ್ಲಿ ಹಬ್ಬ ಮಾಡುವುದು ಹೇಗೆ? ಗಂಡುಮಕ್ಕಳಿಬ್ಬರೂ ಮಣ್ಣು ಎತ್ತಿ ತಿಪ್ಪೆಗೆ ಹಾಕಿದರು. ಸಿಕ್ಕ ಇಟ್ಟಿಗೆ ತಂದು ಎರಡೇ ದಿನದಲ್ಲಿ ಗೋಡೆ ಎಬ್ಬಿಸಿಬಿಟ್ಟರು.

ಹಾನಿಯ ಸರ್ವೆಗೆ ಸರ್ಕಾರದವರು ಬಂದಿದ್ದು ಹಬ್ಬ ಮುಗಿದ ಮೇಲೆ. ಬಂದವರಿಗೆ ಕಂಡಿದ್ದು ಹೊಸ ಗೋಡೆ. ಹಾನಿ ಇಲ್ಲ ಎಂದು ಬರೆದುಕೊಂಡು ಮುಂದಿನ ಮನೆಗೆ ಹೋದರು. ನಾನು ಹೋದಾಗ ಆ ಮನೆಯ ಅಜ್ಜಿ ಕಟ್ಟೆ ಮೇಲೆ ಕೂತು ಕೇಳಿದರು: "ಯಪ್ಪಾ, ಬಿದ್ದದ್ದು ಊರಿಗೆಲ್ಲ ಗೊತ್ತೈತಿ, ಅವರಿಗಷ್ಟ ಕಾಣಲಿಲ್ಲೇನು?"

ಅವರ ತಪ್ಪೂ ಪೂರ್ತಿ ಅಲ್ಲ, ಅಲ್ವಾ? ಸರ್ವೆ ಮಾಡುವವರು ಕಂಡಿದ್ದನ್ನೇ ಬರೆಯಬೇಕು. ಹಾನಿ ಎಷ್ಟು ಶೇಕಡಾ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. ಶೇ. 15ಕ್ಕಿಂತ ಕಡಿಮೆ ಇದ್ದರೆ ಏನೂ ಇಲ್ಲ. ಕೇಂದ್ರದ 2022-23ರಿಂದ 2025-26ರವರೆಗಿನ ದರಪಟ್ಟಿಯಲ್ಲಿ ಮನೆ ಪೂರ್ತಿ ಬಿದ್ದರೆ 1.20 ಲಕ್ಷ. ಭಾಗಶಃ ಬಿದ್ದರೆ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. ಮನೆಗೆ ಹೊಂದಿಕೊಂಡ ದನದ ಕೊಟ್ಟಿಗೆಗೆ 3,000. ಹೌದು, ನಾಲ್ಕು ಸಾವಿರ. ಒಬ್ಬ ಗೌಂಡಿ, ಇಬ್ಬರು ಆಳು ಎರಡು ದಿನ ದುಡಿದರೆ ಮುಗಿಯಿತು. ಕಲ್ಲು, ತಗಡಿನ ಮಾತೇ ಬೇಡ.

ಕೆಲವು ವರ್ಷ ರಾಜ್ಯ ಸರ್ಕಾರ ಇದರ ಮೇಲೆ ತನ್ನದನ್ನೂ ಸೇರಿಸಿ ಕೊಡುತ್ತದೆ. 2019ರ ಆಗಸ್ಟ್ ನೆನಪಿದೆಯಲ್ಲ? ಮಲಪ್ರಭೆ ಉಕ್ಕಿ ನರಗುಂದ ತಾಲ್ಲೂಕಿನ ಕೊಣ್ಣೂರಿಗೆ ನುಗ್ಗಿದ ವರ್ಷ. ಆ ಪ್ರವಾಹದ ಪರಿಹಾರದಲ್ಲಿ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದರು. ಮುಕ್ಕಾಲಿಗಿಂತ ಜಾಸ್ತಿ ಹಾನಿಯಾಗಿದ್ದರೆ ಎ, 5 ಲಕ್ಷ. ಶೇ. 15ರಿಂದ 25 ಹಾನಿಯಾಗಿದ್ದರೆ ಸಿ, 50,000. ನಡುವಿನದು ಬಿ. ಅಂದಿನಿಂದ ನಮ್ಮ ಕಡೆ ಎಲ್ಲರ ತಲೆಯಲ್ಲಿ ಐದು ಲಕ್ಷ ಕೂತಿದೆ. ಪ್ರತಿ ವರ್ಷವೂ ಅಷ್ಟೇ ಬರುತ್ತದೆ ಎಂದುಕೊಂಡು ಸಾಲ ಮಾಡಿ ಮನೆ ಕೆಡವಬೇಡಿ. ಆಯಾ ವರ್ಷದ ಆದೇಶ ಏನು ಹೇಳುತ್ತದೆ ಎಂದು ತಹಶೀಲ್ದಾರ್ ಕಚೇರಿಯಲ್ಲಿ ಕೇಳಿಕೊಂಡೇ ಮುಂದಿನ ಹೆಜ್ಜೆ ಇಡಿ. ಐದು ಲಕ್ಷದ ಮನೆಗಳಿಗೂ ಹಣ ಬಂದಿದ್ದು ಕಂತಿನಲ್ಲೇ. ಮೊದಲ ಕಂತನ್ನು ಮಗಳ ಮದುವೆಗೋ ಬೀಜ ಗೊಬ್ಬರಕ್ಕೋ ಹಾಕಿ ಬುನಾದಿಯಲ್ಲೇ ನಿಂತ ಮನೆಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೆಲಸ ಮುಂದೆ ಹೋಗದೆ ಎರಡನೇ ಕಂತು ಬರುವುದಿಲ್ಲ.

ಗೋಡೆ ಬಿದ್ದ ಮರುದಿನ ಬೆಳಗ್ಗೆ ಏನು ಮಾಡಬೇಕು? ಮಣ್ಣು ಎತ್ತುವ ಮೊದಲು ಫೋನ್ ಎತ್ತಿ. ಮನೆ ಮುಂದಿನಿಂದ ಒಂದು ಫೋಟೋ, ಬಿದ್ದ ಜಾಗದ್ದು ನಾಲ್ಕೂ ಕಡೆಯಿಂದ, ಒಳಗಿನಿಂದ ಒಂದು, ಮುರಿದ ತೊಲೆ ಜಂತಿಗಳದ್ದು ಒಂದು. ಬಾಗಿಲ ಮೇಲಿನ ಮನೆ ನಂಬರ್ ಒಂದರಲ್ಲಾದರೂ ಕಾಣಲಿ. ಅದೇ ದಿನ ತಲಾಟಿಗೆ ತಿಳಿಸಿ. ಸರ್ಕಾರ ಈಗ ಅವರನ್ನು ಗ್ರಾಮ ಆಡಳಿತ ಅಧಿಕಾರಿ ಎನ್ನುತ್ತದೆ, ನಮ್ಮ ಜನ ಇನ್ನೂ ತಲಾಟಿ ಎಂದೇ ಕರೆಯುತ್ತಾರೆ. ಬಾಯಲ್ಲಿ ಹೇಳಿ ಸುಮ್ನೆ ಕೂರಬೇಡಿ. ಒಂದು ಹಾಳೆಯಲ್ಲಿ ಅರ್ಜಿ ಬರೆದು ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ವಾಲಿದ ಗೋಡೆ ಮೈಮೇಲೆ ಬೀಳುವ ಹಾಗಿದ್ದರೆ ಸರ್ವೆಗಾಗಿ ಕಾಯುತ್ತ ಅದರ ಕೆಳಗೆ ಮಲಗಬೇಡಿ. ಫೋಟೋ ತೆಗೆದು, ಪಂಚಾಯಿತಿಯವರಿಗೆ ಹೇಳಿ ಕೆಡವಿ. ಬೆಂಕಿ ಬಿದ್ದು ಸುಟ್ಟ ಮನೆಗೂ ಇದೇ ಪರಿಹಾರ ಅನ್ವಯಿಸುತ್ತದೆ. ಎಷ್ಟೋ ಜನ ಅದಕ್ಕೆ ಅರ್ಜಿಯನ್ನೇ ಹಾಕುವುದಿಲ್ಲ.

ಸರ್ವೆಗೆ ಬಂದ ಎಂಜಿನಿಯರ್ ಬಿರುಕು ನೋಡುವ ರೀತಿಯೂ ನಿಮಗೆ ಗೊತ್ತಿರಲಿ. ಅವನು ಮೊದಲು ಬಿರುಕಿನ ಒಳಗೆ ಟಾರ್ಚ್ ಬಿಡುತ್ತಾನೆ. ಅಂಚು ಹಸಿಯಾಗಿ, ಮಣ್ಣಿನ ಬಣ್ಣ ತಾಜಾ ಇದ್ದರೆ ಈ ಮಳೆಯದು. ಒಳಗೆ ಜೇಡರ ಬಲೆ, ಧೂಳು, ಹೋದ ದೀಪಾವಳಿಗೆ ಬಳಿದ ಸುಣ್ಣ ಕಂಡರೆ ಹಳೆಯದು. ಹಳೆಯದಕ್ಕೆ ದುಡ್ಡಿಲ್ಲ. ನಮ್ಮ ಎರಿ ಭೂಮಿಯ, ಅಂದರೆ ಕಪ್ಪು ಮಣ್ಣಿನ ನೆಲದ ದೊಡ್ಡ ತೊಂದರೆ ಇದೇ. ಆ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಮೇಲಿನ ಮನೆಯೂ ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ. ನವಲಗುಂದ, ರೋಣ, ನರಗುಂದದ ಕಡೆ ಕಿಟಕಿ ಮೂಲೆಯಿಂದ ಓರೆಯಾಗಿ ಹೋದ ಬಿರುಕು ಬಹಳ ಸಲ ಈ ಮಣ್ಣಿನ ಕೆಲಸ. ಅದನ್ನು ಪ್ರವಾಹದ ಲೆಕ್ಕಕ್ಕೆ ಹಾಕಿಸಲು ಹೋದರೆ ನಿಜವಾದ ಹಾನಿಯ ಮೇಲೂ ಅನುಮಾನ ಬರುತ್ತದೆ.

ಗೋಡೆಯಷ್ಟೇ ತೊಂದರೆ ಕೊಡುವುದು ಉತಾರ, ಅಂದರೆ ಮನೆ ಯಾರ ಹೆಸರಲ್ಲಿದೆ ಎಂದು ತೋರಿಸುವ ದಾಖಲೆ. ಮನೆ ಅಜ್ಜನ ಹೆಸರಲ್ಲಿರುತ್ತದೆ, ಅಜ್ಜ ಹೋಗಿ ಇಪ್ಪತ್ತು ವರ್ಷ. ಅಣ್ಣತಮ್ಮಂದಿರ ನಡುವೆ ಬಾಯಿಮಾತಿನ ವಾಟ್ನಿ (ಪಾಲು) ಆಗಿರುತ್ತದೆ. ಒಂದು ಮನೆ ನಂಬರ್, ಒಳಗೆ ಮೂರು ಒಲೆ. ಬಿದ್ದಿದ್ದು ನಡುವಿನವನ ಪಾಲು, ಉತಾರದಲ್ಲಿರುವುದು ಅಜ್ಜ, ದುಡ್ಡು ಯಾರ ಖಾತೆಗೆ? ದೊಡ್ಡವನು ತಕರಾರು ಅರ್ಜಿ ಕೊಟ್ಟರೆ ಕಡತ ಅಲ್ಲೇ ಮಲಗಿತು. ಕೇಂದ್ರದ ನಿಯಮದಲ್ಲೇ ಮನೆ ಅಧಿಕೃತವಾಗಿರಬೇಕು ಎಂದಿದೆ. ಆದ್ದರಿಂದ ಬೇಸಿಗೆಯಲ್ಲೇ ವಾರಸಾ ಮಾಡಿಸಿ, ಅಂದರೆ ತೀರಿಹೋದವರ ಬದಲು ವಾರಸುದಾರರ ಹೆಸರು ದಾಖಲೆಗೆ ಏರಿಸಿ. ಹಳ್ಳಿಯಲ್ಲಾದರೆ ಪಂಚಾಯಿತಿಯ ಇ-ಸ್ವತ್ತು ಉತಾರ ತೆಗೆಸಿ. ಹಳೇ ಹುಬ್ಬಳ್ಳಿ, ಧಾರವಾಡ ಪೇಟೆಯ ಮನೆಗಳಾದರೆ ಸಿಟಿ ಸರ್ವೆ ಉತಾರದಲ್ಲಿ ಯಾರ ಹೆಸರಿದೆ ಎಂದು ಒಮ್ಮೆ ನೋಡಿ. ನೋಡಿದವರಲ್ಲಿ ಅರ್ಧ ಜನಕ್ಕೆ ಅಚ್ಚರಿ ಕಾದಿರುತ್ತದೆ.

ಬಾಡಿಗೆಗೆ ಇರುವವರಿಗೆ ಗೋಡೆಯ ದುಡ್ಡು ಬರುವುದಿಲ್ಲ. ಆದರೆ ಮನೆ ಕೊಚ್ಚಿಹೋಗಿದ್ದರೆ, ಪೂರ್ತಿ ಬಿದ್ದಿದ್ದರೆ ಅಥವಾ ಎರಡು ದಿನಕ್ಕಿಂತ ಹೆಚ್ಚು ನೀರಿನಲ್ಲಿ ಮುಳುಗಿದ್ದರೆ ಬಟ್ಟೆಗೆ 2,500, ಪಾತ್ರೆ ಪಗಡಕ್ಕೆ 2,500 ಕುಟುಂಬಕ್ಕೆ ಅದೇ ದರಪಟ್ಟಿಯಲ್ಲಿದೆ.

ಬ್ಯಾಂಕ್ ಖಾತೆಯದು ಸಣ್ಣ ಮಾತು, ಆದರೆ ಕಾಡುತ್ತದೆ. ಆಧಾರ್ ಮೂಲಕ ಬರುವ ಹಣ ನೀವು ಬರೆದುಕೊಟ್ಟ ಖಾತೆಗೇ ಬರಬೇಕೆಂದಿಲ್ಲ. ಕೊನೆಗೆ ಯಾವ ಬ್ಯಾಂಕಿನಲ್ಲಿ ಆಧಾರ್ ಜೋಡಿಸಿದ್ದೀರೋ ಅಲ್ಲಿಗೆ ಹೋಗುತ್ತದೆ. ಯಾವಾಗಲೋ ತೆರೆದು ಮರೆತ ಖಾತೆಯಲ್ಲಿ ದುಡ್ಡು ಕೂತಿರುತ್ತದೆ, ಇವರು ದಿನಾ ಕಚೇರಿಗೆ ತಿರುಗುತ್ತಿರುತ್ತಾರೆ. ಆ ಕಚೇರಿಯ ಮುಂದೆಯೇ "ನಾ ಮಾಡಿಸಿಕೊಡ್ತೀನಿ" ಎನ್ನುವ ಏಜೆಂಟ್ ನಿಂತಿರುತ್ತಾನೆ. ಸಿ ವರ್ಗವನ್ನು ಎ ಮಾಡಿಸುತ್ತೇನೆಂದು ನನಗೆ ಗೊತ್ತಿರುವ ಒಬ್ಬರಿಂದ ಹತ್ತು ಸಾವಿರ ತೆಗೆದುಕೊಂಡ. ವರ್ಗ ಸಿ ಆಗಿಯೇ ಉಳಿಯಿತು.

ಅನುದಾನ ಬಾರದಿದ್ದರೂ ಮಾಡಬಹುದಾದ ಒಂದೆರಡು ಕೆಲಸ ಹೇಳಬೇಕು. ನಾನು ನೋಡಿದ ಬಿದ್ದ ಗೋಡೆಗಳಲ್ಲಿ ಜಾಸ್ತಿ ಇರುವುದು ಬಚ್ಚಲ ಕಡೆಯವು. ಬಚ್ಚಲ ನೀರು ಗೋಡೆಯ ಬುಡದಲ್ಲೇ ಇಂಗುತ್ತಿರುತ್ತದೆ. ಬುಡ ಮೆತ್ತಗಾಗುತ್ತದೆ, ಮಳೆ ಬಂದಾಗ ಮೇಲಿನ ಮಣ್ಣಿನ ಭಾರ ಕೂರುತ್ತದೆ, ಅಷ್ಟೇ. ಹತ್ತು ಅಡಿ ಪೈಪ್ ಹಾಕಿ ಆ ನೀರನ್ನು ದೂರ ಬಿಟ್ಟರೆ ಗೋಡೆಯ ಆಯಸ್ಸು ಹೆಚ್ಚುತ್ತದೆ. ಎರಡನೆಯದು, ಮಣ್ಣಿನ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಬೇಡಿ. ನೋಡಲು ಚೆಂದ, ನಿಜ. ಆದರೆ ಒಳಗೆ ಸೇರಿದ ತೇವ ಹೊರಬರಲು ದಾರಿ ಇರುವುದಿಲ್ಲ. ಎರಡು ಮಳೆಗಾಲ ಕಳೆದ ಮೇಲೆ ಬೆರಳಿನಿಂದ ತಟ್ಟಿ ನೋಡಿ, ಟೊಳ್ಳು ಸದ್ದು ಬರುತ್ತದೆ. ಪ್ಲಾಸ್ಟರ್ ಗಟ್ಟಿಯಾಗಿ ನಿಂತಿರುತ್ತದೆ, ಹಿಂದಿನ ಗೋಡೆ ಕರಗಿರುತ್ತದೆ. ಮಣ್ಣಿಗೆ ಮಣ್ಣು, ಇಲ್ಲವೇ ಸುಣ್ಣವೇ ಸರಿ.

ಪಂಚಮಿ ಮನೆಗೆ ಬರೋಣ. ಗೋಡೆ ಬಿದ್ದ ಫೋಟೋ ಯಾರೂ ತೆಗೆದಿರಲಿಲ್ಲ. ನಾನು ಕೈಚೆಲ್ಲಿ ಏಳುವವನಿದ್ದೆ. ಅಷ್ಟರಲ್ಲಿ ಮೊಮ್ಮಗಳು ತನ್ನ ಫೋನ್ ತಂದು ಜೋಕಾಲಿ ಫೋಟೋ ತೋರಿಸಿದಳು. ಬೇವಿನ ಮರಕ್ಕೆ ಹಗ್ಗ, ಮೇಲೆ ಇಬ್ಬರು ಹುಡುಗಿಯರು, ಹಲ್ಲು ಕಿರಿದಿದ್ದಾರೆ. ಹಿಂದೆ ಬಲಗಡೆ ಅರ್ಧ ಬಿದ್ದ ಗೋಡೆ, ಮಣ್ಣಿನ ರಾಶಿ, ಅದರಿಂದ ಹೊರಗೆ ಚಾಚಿದ ಒಂದು ಜಂತಿ. ಗೋಡೆ ಬಿದ್ದ ಮರುದಿನದ ತಾರೀಖು ಮತ್ತು ಸಮಯ ಫೋಟೋದಲ್ಲಿತ್ತು. ಅದನ್ನೇ ಪ್ರಿಂಟ್ ಹಾಕಿಸಿ, ತಿಪ್ಪೆಯಲ್ಲಿದ್ದ ಹಳೇ ಮಣ್ಣು ಮತ್ತು ಮುರಿದ ಜಂತಿಯ ಫೋಟೋ ಸೇರಿಸಿ, ಅಕ್ಕಪಕ್ಕದ ಇಬ್ಬರ ಸಹಿ ಹಾಕಿಸಿ ಮರು ಸರ್ವೆಗೆ ಅರ್ಜಿ ಕೊಡಿಸಿದೆ. ಮತ್ತೆ ಬಂದರು, ಅಳೆದರು, ಈ ಸಲ ಭಾಗಶಃ ಹಾನಿ ಎಂದು ಬರೆದರು.

ದುಡ್ಡು ಬರುವಷ್ಟರಲ್ಲಿ ದೀಪಾವಳಿ ದಾಟಿತ್ತು. ಹೊಸ ಗೋಡೆಯ ಇಟ್ಟಿಗೆ ಸಾಲ ಅದರಿಂದ ತೀರಲಿಲ್ಲ. ಅಜ್ಜಿ ಅದರಲ್ಲಿ ಮೊದಲು ಬಚ್ಚಲಿಗೆ ಪೈಪ್ ಹಾಕಿಸಿದರು. ಮಗನಿಂದ ಫೋನ್ ಹಚ್ಚಿಸಿ ನನಗೆ ಹೇಳಿದರು: "ನೀರು ಈಗ ಹಿತ್ತಲದ ಬಾಳಿಗಿಡಕ್ಕ ಹೋಗಾಕತ್ತೈತ್ರಿ."