ಮಗಳಿಗೆ ಪಾಟಲಾ ಅಂತ ಹೆಸರಿಡಬಹುದಾ?

ಪ್ರಶ್ನೆ: ನಾವು ಕಾಸರಗೋಡಿನ ಬದಿಯಡ್ಕದ ಹತ್ತಿರದವರು. ಮಗಳು ಹುಟ್ಟಿದ್ದಾಳೆ. ಉತ್ತರಾ ನಕ್ಷತ್ರ, 3ನೇ ಪಾದ. 'ಪ' ಅಕ್ಷರಕ್ಕೆ ಹೆಸರು ಹುಡುಕುವಾಗ ಪಾಟಲಾ ಸಿಕ್ಕಿತು. ತಿಳಿಗೆಂಪು ಬಣ್ಣ ಅಂತ ಅರ್ಥವಂತೆ. ನನಗೂ ಗಂಡನಿಗೂ ತುಂಬಾ ಇಷ್ಟವಾಗಿದೆ. ಆದರೆ ಅತ್ತೆಗೆ ಅದು ಪಾತಾಳ ಅಂತ ಕೇಳಿಸುತ್ತದೆ. ನೆಂಟರೊಬ್ಬರು, "ಮಗು ಸ್ವಲ್ಪ ಕಪ್ಪಗಿದೆ, ಗುಲಾಬಿ ಬಣ್ಣದ ಹೆಸರು ಯಾಕೆ?" ಅಂದುಬಿಟ್ಟರು. ಇದು ನಿಜವಾಗಿ ಇರುವ ಹೆಸರಾ? ಯಾರಾದರೂ ಇಡುತ್ತಾರಾ?

ಉತ್ತರ: ಧಾರಾಳವಾಗಿ ಇಡಬಹುದು. ಹಳೆಯ ಹೆಸರು, ಅರ್ಥದಲ್ಲಿ ಒಂದಿಷ್ಟೂ ಕೊರತೆ ಇಲ್ಲ. ಕಷ್ಟ ಇರುವುದು ಬರೆಯುವುದರಲ್ಲಿ. ಅದೂ ಕಾಸರಗೋಡಿನಲ್ಲಿ ಜಾಸ್ತಿ, ಯಾಕೆಂದರೆ ಇಲ್ಲಿ ಒಂದು ಮಗುವಿನ ಹೆಸರು ಮನೆಯಲ್ಲಿ ಕನ್ನಡ ಅಥವಾ ತುಳು, ಪಂಚಾಯತಿನಲ್ಲಿ ಮಲಯಾಳ, ಆಧಾರ್‌ನಲ್ಲಿ ಇಂಗ್ಲಿಷ್ ಅಂತ ಮೂರು ಕಡೆ ಓಡಾಡಬೇಕು. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಬಣ್ಣದ ವಿಷಯ.

ಅಮರಕೋಶ ಅನ್ನುವ ಹಳೆಯ ಸಂಸ್ಕೃತ ನಿಘಂಟಿನಲ್ಲಿ ಬಣ್ಣಗಳ ಹೆಸರು ಬರುವ ಕಡೆ 'ಶ್ವೇತರಕ್ತಸ್ತು ಪಾಟಲಃ' ಅಂತ ಇದೆ. ಬಿಳಿ ಬೆರೆತ ಕೆಂಪು ಪಾಟಲ. ಪುನರ್ಪುಳಿ (ಕೋಕಂ) ರಸಕ್ಕೆ ತೆಂಗಿನಕಾಯಿ ಹಾಲು ಬೆರೆಸಿದಾಗ ಬರುತ್ತದಲ್ಲ, ಹೆಚ್ಚುಕಮ್ಮಿ ಆ ಬಣ್ಣ. ಅದೇ ಸಾಲಿನಲ್ಲಿ ಅದಕ್ಕೆ ಮೊದಲು ಅರುಣ ಇದೆ, ಇನ್ನೂ ಪೂರ್ತಿ ಕೆಂಪಾಗದ ಕೆಂಪು. ಲೋಹಿತ, ರೋಹಿತ ಎರಡೂ ಕೆಂಪು. ಕಪಿಲ ಅಂದರೆ ಕಂದು ಹಳದಿ. ಹಟ್ಟಿಯಲ್ಲಿ ಆ ಬಣ್ಣದ ದನವನ್ನು ಕಪಿಲೆ ಅಂತ ಕರೆಯುವುದು ನಮ್ಮವರಿಗೆ ಗೊತ್ತೇ ಇದೆ. ಗೌರ ಅನ್ನುವುದು ಬಿಳಿಯ ಸಾಲಿನಲ್ಲೂ ಬರುತ್ತದೆ, ಅರಸಿನದ ಹಳದಿಯ ಸಾಲಿನಲ್ಲೂ ಬರುತ್ತದೆ. ಗೌರಿ ಬಂದದ್ದು ಅಲ್ಲಿಂದ. ಅಂದರೆ ಬಣ್ಣದ ಹೆಸರನ್ನು ಮಕ್ಕಳಿಗೆ ಇಡುವುದು ನಮಗೆ ಹೊಸತೇನೂ ಅಲ್ಲ. ಸಂಸ್ಕೃತದ ಹಂಗಿಲ್ಲದೆಯೂ ಇಟ್ಟಿದ್ದೇವೆ: ಕೆಂಚ, ಕರಿಯ, ಕೆಂಪಮ್ಮ, ಕರಿಯಮ್ಮ. ಬೆಂಗಳೂರು ಕಟ್ಟಿದ ಕೆಂಪೇಗೌಡರ ಹೆಸರಿನಲ್ಲೇ ಕೆಂಪು ಇದೆ.

ಪಾಟಲಾ ಒಂದು ಮರದ ಹೆಸರೂ ಹೌದು. ಕನ್ನಡದಲ್ಲಿ ಪಾದರಿ, ಮಲಯಾಳದಲ್ಲಿ ಪಾದಿರಿ. ಬೇಸಿಗೆಯಲ್ಲಿ ಕಹಳೆಯ ಆಕಾರದ ಪರಿಮಳದ ಹೂ ಬಿಡುತ್ತದೆ. ಒಂದು ಜಾತಿಯ ಹೂ ಹೊರಗೆ ನೇರಳೆ ಬೆರೆತ ಕೆಂಪು, ಇನ್ನೊಂದರದ್ದು ತಿಳಿ ಹಳದಿ. ಕೇರಳದಲ್ಲಿ ಎರಡನ್ನೂ ಪಾದಿರಿ ಅಂತಲೇ ಕರೆಯುತ್ತಾರೆ. ಇದರ ಬೇರು ಆಯುರ್ವೇದದ ದಶಮೂಲದ ಹತ್ತು ಬೇರುಗಳಲ್ಲಿ ಒಂದು. ಬಾಣಂತಿಯರಿಗೆ ದಶಮೂಲಾರಿಷ್ಟ ಕೊಡುವ ಪದ್ಧತಿ ನಿಮ್ಮ ಮನೆಯಲ್ಲೂ ಇದ್ದರೆ, ಈ ಹೆಸರಿನ ಗಿಡಮೂಲಿಕೆ ಆಗಲೇ ನಿಮ್ಮ ಮನೆಗೆ ಬಂದಾಗಿದೆ. ಪಾಟಲೀಪುತ್ರ ಅನ್ನುವ ಊರಿನ ಹೆಸರಿಗೂ ಈ ಮರದ ನಂಟು ಹೇಳುತ್ತಾರೆ. ತಮಿಳುನಾಡಿನ ಕಡಲೂರಿನಲ್ಲಿ ತಿರುಪ್ಪಾದಿರಿಪುಲಿಯೂರ್ ಅಂತ ಒಂದು ಶಿವಕ್ಷೇತ್ರ ಇದೆ. ಅಲ್ಲಿನ ಸ್ಥಳವೃಕ್ಷ ಪಾದಿರಿ, ದೇವರ ಹೆಸರು ಪಾಟಲೇಶ್ವರ. ಒಂದು ಮರ ಇಷ್ಟು ದೊಡ್ಡ ಊರುಗಳಿಗೆ, ದೇವರಿಗೆ ಹೆಸರು ಕೊಟ್ಟಿದೆ, ಒಂದು ಹೆಣ್ಣುಮಗುವಿಗೆ ಕೊಡಲಾರದೇ?

ಈಗ ನಿಮ್ಮ ನೆಂಟರು ಆಡಿದ ಮಾತು. ಅದನ್ನು ಓದಿ ನನಗೆ ಸಿಟ್ಟು ಬಂತು. ತೊಟ್ಟಿಲಲ್ಲಿ ಮಲಗಿರುವ ಕೂಸಿನ ಮೈಬಣ್ಣ ನೋಡಿ ಇಂಥ ಹೆಸರು ಹೊಂದುತ್ತದೆ, ಇಂಥದ್ದು ಹೊಂದುವುದಿಲ್ಲ ಅಂತ ಹೇಳುವುದು ಯಾರಿಗೂ ಒಳ್ಳೆಯದು ಮಾಡುವುದಿಲ್ಲ. ಮತ್ತೆ ಅದನ್ನು ಕೇಳಿಸಿಕೊಂಡೇ ಆ ಮಗು ಬೆಳೆಯಬೇಕಾಗುತ್ತದೆ. ಅವರಿಗೆ ಉತ್ತರ ಕೊಡಬೇಕು ಅನ್ನಿಸಿದರೆ ದುರ್ಗಾಷ್ಟೋತ್ತರ ಶತನಾಮ ಸ್ತೋತ್ರದ ಒಂದು ಸಾಲು ಹೇಳಿ: 'ಅಪರ್ಣಾನೇಕವರ್ಣಾ ಚ ಪಾಟಲಾ ಪಾಟಲಾವತೀ'. ಪಾಟಲಾ ಅನ್ನುವುದು ದುರ್ಗೆಯ ನೂರೆಂಟು ಹೆಸರುಗಳಲ್ಲಿ ಒಂದು, ಮತ್ತು ಅದಕ್ಕಿಂತ ಒಂದು ಹೆಜ್ಜೆ ಮೊದಲು ಬರುವ ಹೆಸರು ಅನೇಕವರ್ಣಾ, ಅಂದರೆ ಹಲವು ಬಣ್ಣದವಳು! ಆ ಸ್ತೋತ್ರ ಕಟ್ಟಿದವರಿಗೆ ದೇವಿ ಒಂದೇ ಬಣ್ಣದವಳಾಗಿರಬೇಕು ಅನ್ನಿಸಿಲ್ಲ. ದ್ರೌಪದಿ ಕಪ್ಪಗಿದ್ದಳು ಅಂತಲೇ ಅವಳನ್ನು ಕೃಷ್ಣೆ ಅಂದರು, ಕಪ್ಪಗಿರುವ ದೇವಿಯನ್ನು ಕಾಳಿ, ಶ್ಯಾಮಲಾ ಅಂತ ಪೂಜಿಸುತ್ತೇವೆ. ಆಮೇಲೆ ನಮ್ಮದೇ ಮನೆಯ ಮಗುವಿನ ವಿಷಯಕ್ಕೆ ಬಂದಾಗ ಲೆಕ್ಕ ಬೇರೆಯಾಗುವುದು ಯಾಕೆ? ಲಲಿತಾ ಸಹಸ್ರನಾಮ ಓದುವ ಮನೆಯಾದರೆ ಇನ್ನೂ ಸುಲಭ, ಅದರಲ್ಲಿ 'ಪಾಟಲೀಕುಸುಮಪ್ರಿಯಾ' ಇದೆ. ಅತ್ತೆಯವರಿಗೆ ಅದನ್ನೇ ನೆನಪು ಮಾಡಿ. ಬಾಯಿಪಾಠ ಇರುವ ನಾಮದಲ್ಲಿ ಮೊಮ್ಮಗಳ ಹೆಸರು ಅಡಗಿದೆ ಅಂತ ಗೊತ್ತಾದರೆ ಪಾತಾಳದ ಯೋಚನೆ ತಾನಾಗಿ ಹೋಗಬಹುದು.

ಜನಪ್ರಿಯತೆ? ತುಂಬಾ ಅಪರೂಪ. ಇಂಟರ್ನೆಟ್ಟಿನಲ್ಲಿ ಮಗುವಿನ ಹೆಸರಿನ ಪಟ್ಟಿಗಳ ಪಕ್ಕದಲ್ಲಿ 'ಜನಪ್ರಿಯತೆ ಇಷ್ಟು ಶೇಕಡಾ' ಅಂತ ಕಾಣುತ್ತದಲ್ಲ, ಅದನ್ನು ನಂಬಿ ಕೂರಬೇಡಿ. ಅಮೆರಿಕದಲ್ಲಿ ಅಲ್ಲಿನ ಸಾಮಾಜಿಕ ಭದ್ರತೆ ಇಲಾಖೆ 1880ರಿಂದೀಚಿನ ಹೆಸರುಗಳ ಲೆಕ್ಕ ಪ್ರಕಟಿಸುತ್ತದೆ, ವರ್ಷಕ್ಕೆ 5 ಮಕ್ಕಳಿಗಿಂತ ಕಡಿಮೆ ಇದ್ದರೆ ಆ ಹೆಸರನ್ನು ಬಿಡುತ್ತದೆ. ನಮ್ಮಲ್ಲಿ ಹಾಗೆ ವರ್ಷ ವರ್ಷ ಪಟ್ಟಿ ಹೊರಡಿಸುವ ಪದ್ಧತಿ ಇಲ್ಲ. ಹಾಗಾಗಿ ಅಪರೂಪ ಅಂತ ನಾನು ಹೇಳುವುದು ಸುತ್ತಮುತ್ತ ಕೇಳಿದ್ದರ ಮೇಲೆ. ಅರುಣಾ ಎಲ್ಲ ಊರಲ್ಲೂ ಇದ್ದಾರೆ, ಪಾಟಲಾ ಇಲ್ಲ. ಇದಕ್ಕೆ ನನಗೆ ತೋಚುವ ಕಾರಣ ಇಷ್ಟು: ಅರುಣ ಸೂರ್ಯನ ಸಾರಥಿ, ಕಪಿಲ ಒಬ್ಬ ಮುನಿ, ರೋಹಿತ ಹರಿಶ್ಚಂದ್ರನ ಮಗ. ಎಲ್ಲರಿಗೂ ಒಂದೊಂದು ಕಥೆ ಇದೆ. ಕಥೆ ಇದ್ದ ಹೆಸರು ಬಾಯಿಂದ ಬಾಯಿಗೆ ದಾಟುತ್ತದೆ. ಪಾಟಲಾ ಸ್ತೋತ್ರದ ಸಾಲಿನಲ್ಲಿ ಉಳಿಯಿತು, ತಾಳಮದ್ದಳೆಯಲ್ಲಿ ಕಥೆಯ ಪಾತ್ರವಾಗಿ ಮಾತಾಡುವ ಅರ್ಥಧಾರಿಯ ಬಾಯಿಗೆ ಬರಲಿಲ್ಲ.

ಇನ್ನು ಬರೆಯುವ ವಿಷಯ. ಇದನ್ನು ಸ್ವಲ್ಪ ಗಮನ ಕೊಟ್ಟು ಓದಿ.

ಮಲಯಾಳದಲ್ಲಿ ಪದದ ನಡುವೆ ಬರುವ ಟಕಾರವನ್ನು ಡಕಾರದಂತೆ ಉಚ್ಚರಿಸುತ್ತಾರೆ. ಅಕ್ಷರ ಸರಿಯಾಗಿಯೇ ಬರೆದಿದ್ದರೂ ಓದುವವರು 'ಪಾಡಲ' ಅನ್ನುತ್ತಾರೆ. ಅದನ್ನು ಕೇಳಿ ಇಂಗ್ಲಿಷಿಗೆ ಇಳಿಸುವವರು ಟಿ ಬದಲು ಡಿ ಹಾಕಿದರೆ, ಆ ಇಂಗ್ಲಿಷ್ ನೋಡಿ ಕನ್ನಡ ಶಾಲೆಯ ಹಾಜರಿ ಪುಸ್ತಕದಲ್ಲಿ 'ಪದಲ' ಆಗುತ್ತದೆ. ಮೂರು ಕಡೆ ಮೂರು ಹೆಸರು. ಇಂಗ್ಲಿಷಿನ ಟಿ ಅಕ್ಷರದ ಮಟ್ಟಿಗೆ ಮಾತ್ರ ನೀವು ಇರುವ ಜಾಗ ಅನುಕೂಲದ್ದು: ಕೇರಳದಲ್ಲಿ ತಕಾರಕ್ಕೆ ಟಿ-ಎಚ್ ಬರೆಯುವ ರೂಢಿ ಇರುವುದರಿಂದ ಬರೀ ಟಿ ಇದ್ದರೆ ಪಾತಾಳ ಅಂತ ಯಾರೂ ಓದುವುದಿಲ್ಲ. ಉತ್ತರ ಭಾರತದ ಕಡೆ ಹೋದರೆ ಹಾಗೆ ಓದಬಹುದು. ಅದಕ್ಕೆ ನನ್ನ ಸಲಹೆ: ಮೊದಲ ಅಕ್ಷರ ದೀರ್ಘ ಅಂತ ತಿಳಿಯುವ ಹಾಗೆ ಎರಡು ಎ ಹಾಕಿ, ಪಿ-ಎ-ಎ-ಟಿ-ಎ-ಎಲ್-ಎ. ಕೊನೆಗೆ ಇನ್ನೊಂದು ಎ ಬೇಡ, ಉದ್ದವಾಗುತ್ತದೆ.

ಪಾಟಲಿ ಅಂತ ಬದಲಾಯಿಸೋಣವಾ ಅಂತ ಕೆಲವರು ಹೇಳಬಹುದು. ನನಗೆ ಅದು ಅಷ್ಟು ಹಿಡಿಸಲಿಲ್ಲ. ನಮ್ಮ ಕಡೆ ಪಾಟಾಳಿ ಅನ್ನುವುದು ಎಷ್ಟೋ ಜನರ ಹೆಸರಿನ ಕೊನೆಗೆ ಬರುತ್ತದೆ, ಇಂಗ್ಲಿಷಿನಲ್ಲಿ ಎರಡೂ ಒಂದೇ ಆಗಿಬಿಡುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಕನ್ನಡಿಗರಿಗೆ ಪಾಟಲಿ ಅಂದರೆ ಬಂಗಾರದ ಬಳೆ. ಕೆಟ್ಟ ಅರ್ಥ ಏನಲ್ಲ, ಆದರೆ ನಿಮಗೆ ಬೇಕಾದ ಬಣ್ಣ ಅದರಲ್ಲಿ ಹಿಂದೆ ಸರಿಯುತ್ತದೆ.

ನಕ್ಷತ್ರದ ಮಟ್ಟಿಗೆ ಚಿಂತೆ ಇಲ್ಲ. ಉತ್ತರಾ ನಕ್ಷತ್ರದ ಅಕ್ಷರಗಳು ಟೇ, ಟೋ, ಪಾ, ಪೀ. 3ನೇ ಪಾದಕ್ಕೆ ಪಾ ಸರಿಯಾಗಿ ಕೂರುತ್ತದೆ.

ಮಗು ಎಲ್ಲಿ ಹುಟ್ಟಿತು ಅಂತ ನೀವು ಬರೆದಿಲ್ಲ. ಅದು ಮುಖ್ಯ, ಯಾಕೆಂದರೆ ಜನನ ನೋಂದಣಿ ಆಗುವುದು ಹುಟ್ಟಿದ ಜಾಗದಲ್ಲಿ, ನೀವು ವಾಸ ಇರುವ ಜಾಗದಲ್ಲಲ್ಲ. ಕಾಸರಗೋಡಿನ ಎಷ್ಟೋ ಮನೆಯವರು ಹೆರಿಗೆಗೆ ಮಂಗಳೂರಿಗೆ ಹೋಗುತ್ತಾರೆ, ಆಗ ಪ್ರಮಾಣಪತ್ರ ಕರ್ನಾಟಕದ್ದು, ಕನ್ನಡ ಮತ್ತು ಇಂಗ್ಲಿಷಿನಲ್ಲಿ ಬರುತ್ತದೆ. ಇಲ್ಲೇ ಹುಟ್ಟಿದ್ದರೆ ಮಲಯಾಳ ಮತ್ತು ಇಂಗ್ಲಿಷ್. ಎರಡನೆಯದಾದರೆ ಮಲಯಾಳದ ಅಕ್ಷರಗಳನ್ನು ಗೊತ್ತಿದ್ದವರ ಹತ್ತಿರ ಮೊದಲೇ ಬರೆಸಿಟ್ಟುಕೊಂಡು ಹೋಗಿ, ಬಾಯಲ್ಲಿ ಹೇಳಿ ಬರೆಸಬೇಡಿ. 2023ರ ಅಕ್ಟೋಬರ್ 1ರಂದು ಅಥವಾ ಅದರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆ ಸೇರಿಸುವುದರಿಂದ ಹಿಡಿದು ಮತದಾರರ ಪಟ್ಟಿ, ಡ್ರೈವಿಂಗ್ ಲೈಸೆನ್ಸ್, ಮದುವೆ ನೋಂದಣಿಯವರೆಗೂ ಹುಟ್ಟಿದ ದಿನ, ಜಾಗಕ್ಕೆ ಜನನ ಪ್ರಮಾಣಪತ್ರವೇ ಆಧಾರ. ಹಾಗಾಗಿ ಅದರಲ್ಲಿ ಬಿದ್ದ ಅಕ್ಷರ ಮುಂದೆ ಎಲ್ಲ ಕಡೆ ಬರುತ್ತದೆ.

ಗಡಿಬಿಡಿ ಮಾಡಬೇಕಾಗಿಲ್ಲ. ಹುಟ್ಟಿದ್ದನ್ನು 21 ದಿನದೊಳಗೆ ನೋಂದಾಯಿಸಿದರೆ ಆಯಿತು, ಹೆಸರಿನ ಜಾಗ ಖಾಲಿ ಬಿಡಬಹುದು. ನೋಂದಣಿಯಾದ 12 ತಿಂಗಳೊಳಗೆ ಹೆಸರು ಸೇರಿಸಲು ಶುಲ್ಕ ಇಲ್ಲ. ಅಷ್ಟರೊಳಗೆ ನಾಮಕರಣ ಮುಗಿದಿರುತ್ತದೆ. ಮನೆಯವರೆಲ್ಲ ಕೆಲವು ವಾರ ಪಾಟಲಾ ಅಂತ ಕರೆದು ನೋಡಿ, ಅತ್ತೆಯವರ ಬಾಯಲ್ಲೂ ಬರಲಿ, ಆಮೇಲೆ ಕಚೇರಿಗೆ ಹೋಗಿ.