ನಾನು ಬಿಡಿಸಿದ ಕುದುರೆ ಯಾಕೆ ನಾಯಿಯಂತೆ ಕಾಣುತ್ತದೆ?

ಪ್ರಶ್ನೆ: ಚಿತ್ರ ಬಿಡಿಸುವುದನ್ನು ಈಗಷ್ಟೇ ಶುರು ಮಾಡಿದ್ದೇನೆ. ಕುದುರೆಯ ತಲೆ, ಕುತ್ತಿಗೆ ಹೇಗೋ ಬಂದುಬಿಡುತ್ತವೆ. ಕಾಲು ಬರೆದ ಕೂಡಲೇ ನಾಯಿಯಾಗುತ್ತದೆ. ತಪ್ಪು ಎಲ್ಲಿ?

ಉತ್ತರ: ಹೆಚ್ಚಿನವರಿಗೆ ಕೈಕೊಡುವುದು ಹಿಂಗಾಲು. ಅದರ ನಡುವೆ ಹಿಂದಕ್ಕೆ ಚೂಪಾಗಿ ಚಾಚಿರುವ ಕೀಲನ್ನು ಮಂಡಿ ಎಂದುಕೊಂಡು ಬರೆಯುತ್ತೇವೆ. ಅದು ಹಿಮ್ಮಡಿ. ಕುದುರೆ ನಿಲ್ಲುವುದು ಪ್ರತಿ ಕಾಲಿನ ಒಂದೇ ಒಂದು ಬೆರಳಿನ ತುದಿಯ ಮೇಲೆ. ಆ ಬೆರಳನ್ನು ಸುತ್ತಿಕೊಂಡಿರುವ ದಪ್ಪ ಉಗುರೇ ಗೊರಸು. ನಿಜವಾದ ಮಂಡಿ ಇನ್ನೂ ಮೇಲೆ, ಹೊಟ್ಟೆಯ ಗೆರೆ ತೊಡೆಗೆ ಸೇರುವಲ್ಲಿ ಇದೆ. ನಮ್ಮ ಮಂಡಿಯಂತೆ ಅದೂ ಮುಂದಕ್ಕೇ ಮುಖ ಮಾಡಿರುತ್ತದೆ. ಮುಂಗಾಲಿನಲ್ಲಿ ಮಂಡಿಯಂತೆ ಕಾಣುವುದು ಮಣಿಕಟ್ಟು. ಮೊಣಕೈ ಎದೆಗೂಡಿನ ಪಕ್ಕಕ್ಕೇ ಅಂಟಿಕೊಂಡಿದೆ.

ಇಷ್ಟು ತಿಳಿದ ಮೇಲೆ ಅಳತೆಗೆ ಬನ್ನಿ. ಎ4 ಹಾಳೆಯನ್ನು ಅಡ್ಡ ಇಟ್ಟುಕೊಳ್ಳಿ. ತಲೆಯ ಉದ್ದ 5 ಸೆಂ.ಮೀ. ಎಂದಿಟ್ಟುಕೊಂಡರೆ, ಎದೆಯ ಮುಂತುದಿಯಿಂದ ಪೃಷ್ಠದ ತುದಿಯವರೆಗೆ ಸುಮಾರು ಎರಡೂವರೆ ತಲೆ, ಅಂದರೆ 12.5 ಸೆಂ.ಮೀ. ಕುತ್ತಿಗೆ ಮುಗಿದು ಬೆನ್ನು ಶುರುವಾಗುವ ಉಬ್ಬಿನಿಂದ ನೆಲಕ್ಕೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಮೊದಲು 12.5 ಸೆಂ.ಮೀ.ನ ಒಂದು ಚೌಕವನ್ನು ಎಚ್‌ಬಿ ಪೆನ್ಸಿಲಿನಲ್ಲಿ ತೀರಾ ತೆಳುವಾಗಿ ಹಾಕಿ. ತಲೆ, ಕುತ್ತಿಗೆ, ಬಾಲ ಅದರ ಹೊರಗೆ ಹೋಗುತ್ತವೆ. ಚೌಕದ ಮೇಲಿನ 6 ಸೆಂ.ಮೀ. ಎದೆಯ ಆಳಕ್ಕೆ, ಉಳಿದ 6.5 ಕಾಲಿಗೆ. ಜಾಗ ಸಾಲದೆ ಕಾಲನ್ನು ಗಿಡ್ಡ ಮಾಡುವುದು, ಇಲ್ಲವೇ ಹುಲ್ಲು ಬರೆದು ಗೊರಸನ್ನೇ ಮುಚ್ಚಿಬಿಡುವುದು ಹೊಸಬರ ಹಳೆಯ ಉಪಾಯ. ಚೌಕ ಇದ್ದರೆ ಅದರ ಅಗತ್ಯ ಬೀಳುವುದಿಲ್ಲ.

ಈಗ ಹಿಂಗಾಲು. ಪೃಷ್ಠದ ತುದಿಯಿಂದ ನೆಲಕ್ಕೆ ನೇರವಾಗಿ ಒಂದು ಗೆರೆ ಇಳಿಸಿ. ನೆಟ್ಟಗೆ ನಿಂತ ಕುದುರೆಯ ಹಿಮ್ಮಡಿಯ ತುದಿ ಈ ಗೆರೆಯನ್ನು ಮುಟ್ಟುತ್ತದೆ, ನೆಲದಿಂದ ಸುಮಾರು 4.5 ಸೆಂ.ಮೀ. ಎತ್ತರದಲ್ಲಿ. ಮಂಡಿಯಿಂದ ಹಿಮ್ಮಡಿಗೆ ಮೂಳೆ ಓರೆಯಾಗಿ ಹಿಂದಕ್ಕೆ ಬರುತ್ತದೆ; ಹಿಮ್ಮಡಿಯಿಂದ ಕೆಳಕ್ಕೆ ಗೆರೆಯ ಗುಂಟ ನೇರ ಇಳಿಯುತ್ತದೆ. ಗೊರಸಿಗಿಂತ ತುಸು ಮೇಲಿನ ಗೆಣ್ಣಿನಿಂದ ಮತ್ತೆ ಮುಂದಕ್ಕೆ ಓರೆ. ಮುಂಗಾಲಿನ ಮಣಿಕಟ್ಟು ಹಿಮ್ಮಡಿಗಿಂತ ಕೆಳಗೆ, 3.5 ಸೆಂ.ಮೀ. ಆಸುಪಾಸಿನಲ್ಲಿ. ಇವೆರಡನ್ನೂ ಒಂದೇ ಮಟ್ಟದಲ್ಲಿ ಬರೆದರೆ ಏನೋ ಎಡವಟ್ಟಾಗಿದೆ ಅನ್ನಿಸುತ್ತದೆ, ಏನೆಂದು ಗೊತ್ತಾಗುವುದಿಲ್ಲ. ಹಿಮ್ಮಡಿ ಇನ್ನೂ ಕೆಳಕ್ಕೆ ಜಾರಿದರಂತೂ ನಾಯಿಯೇ, ಏಕೆಂದರೆ ನಾಯಿಯ ಹಿಮ್ಮಡಿ ನೆಲಕ್ಕೆ ಹತ್ತಿರ.

ಮಣಿಕಟ್ಟು, ಹಿಮ್ಮಡಿಗಳಿಂದ ಕೆಳಗೆ ಮಾಂಸಖಂಡ ಇಲ್ಲವೆಂದೇ ಲೆಕ್ಕ; ಇರುವುದು ಮೂಳೆ ಮತ್ತು ಸ್ನಾಯುರಜ್ಜು. ಅಲ್ಲಿ ಉಬ್ಬು ಬರೆಯಬೇಡಿ. ಗೆರೆ ಸಪೂರವಾಗಿರಲಿ, ಕೀಲುಗಳು ಮಾತ್ರ ಗಂಟಿನಂತೆ ಸ್ವಲ್ಪ ದಪ್ಪ. ಗೊರಸಿನ ಮುಂಭಾಗ ನೆಲಕ್ಕೆ ಸುಮಾರು 50 ಡಿಗ್ರಿ ಓರೆಯಾಗಿರುತ್ತದೆ, ಅದರ ಮೇಲಿನ ಗಿಡ್ಡ ಭಾಗಕ್ಕೂ ಅದೇ ಓರೆ.

ತಲೆಯಲ್ಲಿ ನೋಡಿಕೊಳ್ಳಬೇಕಾದ್ದು ಕಣ್ಣು. ತಲೆಯನ್ನು ಉದ್ದಕ್ಕೆ ಮೂರು ಪಾಲು ಮಾಡಿದರೆ ಮೇಲಿನ ಪಾಲು ಮುಗಿಯುವ ಹತ್ತಿರ ಬರುತ್ತದೆ. ಜೂಲನ್ನು ಕೊನೆಗೆ ಬರೆಯಿರಿ. ಮೊದಲೇ ಬರೆದರೆ ಕುತ್ತಿಗೆಯ ತಪ್ಪು ಅದರಡಿ ಅಡಗಿ ಕೂರುತ್ತದೆ. ಮುಗಿದ ಮೇಲೆ ಹಾಳೆ ತಿರುಗಿಸಿ ಬೆಳಕಿಗೆ ಹಿಡಿದು ಹಿಂಬದಿಯಿಂದ ನೋಡಿ. ವಾಲಿದ ಕಾಲು ತಕ್ಷಣ ಕಣ್ಣಿಗೆ ಬೀಳುತ್ತದೆ.

ನಾಗಾಲೋಟದ ಕುದುರೆಗೆ ಇಷ್ಟು ಬೇಗ ಕೈಹಾಕಬೇಡಿ. ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿ ಗಾಳಿಯಲ್ಲಿ ತೇಲುವ ಭಂಗಿಯನ್ನು ಹಳೆಯ ಚಿತ್ರಕಾರರೂ ಬರೆದಿದ್ದಾರೆ. 1878ರಲ್ಲಿ ಎಡ್ವರ್ಡ್ ಮೈಬ್ರಿಜ್ ತೆಗೆದ ಸರಣಿ ಫೋಟೊಗಳು ಬೇರೆಯದನ್ನೇ ತೋರಿಸಿದವು: ನಾಲ್ಕೂ ಗೊರಸು ನೆಲ ಬಿಡುವುದು ಕಾಲುಗಳು ಹೊಟ್ಟೆಯಡಿ ಒಟ್ಟುಗೂಡಿದಾಗ. ಚಲನೆ ಬರೆಯಲೇಬೇಕೆಂದಿದ್ದರೆ ‘ದುಡುಕಿ’ ಎಂಬ ಮಧ್ಯಮ ವೇಗದ ಓಟ (ಇಂಗ್ಲಿಷಿನ ಟ್ರಾಟ್) ಸುಲಭ. ಅದರಲ್ಲಿ ಬಲ ಮುಂಗಾಲು ಮತ್ತು ಎಡ ಹಿಂಗಾಲು ಒಟ್ಟಿಗೆ ಏಳುತ್ತವೆ, ಆಮೇಲೆ ಇನ್ನೊಂದು ಜೋಡಿ.